ದೇವಗಿರಿಯಿಂದ ನೇರ ವರದಿ

ಹೋದ ವಾರ ಪರಿಚಯದವರೊಬ್ಬರು ಲಾಸಲಗಾಂವಿನಿಂದ ಒಂದು ಗೋಣಿ ಉಳ್ಳಾಗಡ್ಡಿ ತಂದುಕೊಟ್ಟರು. ನಾಸಿಕದ ನಮ್ಮ ಮನೆಯ ಬಾಲ್ಕನಿಯಲ್ಲಿ ಕೂತು ಅದರ ಹೊಲಿಗೆ ಬಿಚ್ಚಿದಾಗ ಸೆಣಬು, ಒಣ ಸಿಪ್ಪೆ, ಧೂಳು ಎಲ್ಲ ಕೂಡಿದ ವಾಸನೆ ಮುಖಕ್ಕೆ ಬಡಿಯಿತು. ಬೇರೆಯವರಿಗೆ ಅದು ಅಡುಗೆಮನೆಯ ವಾಸನೆ. ನನಗೆ ಯುದ್ಧದ ವಾಸನೆ... ಒಬ್ಬಳೇ ನಕ್ಕೆ.

ಬಹಳ ವರ್ಷದ ಹಿಂದಿನ ಮಾತು, ಆಗ ನಾನು ಹತ್ತನೆಯ ತರಗತಿ ಮುಗಿಸಿದ್ದೆ. ನಾನು ಕೂಸಾಗಿದ್ದಾಗಲೇ ಅಪ್ಪನ ಬ್ಯಾಂಕಿನ ಕೆಲಸ ನಮ್ಮನ್ನು ಬೀದರಿನಿಂದ ಔರಂಗಾಬಾದಿಗೆ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರಕ್ಕೆ ತಂದಿತ್ತು. ನಮ್ಮ ಮೇಲಿನ ಮನೆಯಲ್ಲಿ ಕಲಬುರಗಿಯ ಒಬ್ಬರಿದ್ದರು. ಟೆಲಿಫೋನ್ ಕಚೇರಿಯಲ್ಲಿ ಕೆಟ್ಟ ಲೈನು ಸರಿಮಾಡುವ ಕೆಲಸ. ಎಲ್ಲರಿಗೂ ಅವರು ಮೇಲಿನ ಮನಿ ಕಾಕಾ. ರಜೆ ಬಂದರೆ ಹೆಗಲಿಗೆ ವಿಡಿಯೋ ಕ್ಯಾಮೆರಾ ಏರಿಸಿಕೊಂಡು ಪರಿಚಯದವರ ಮದುವೆ, ಮುಂಜಿ ಸೆರೆಹಿಡಿಯುತ್ತಿದ್ದರು.

ಆ ವರ್ಷ ಟೀವಿಯಲ್ಲಿ ಯಾವಾಗಲೂ ಯುದ್ಧ. ಧೂಳಿನಲ್ಲಿ ನಿಂತ ವರದಿಗಾರರು, ಅವರ ಹಿಂದೆ ಹೊಗೆ, ಅಲ್ಲಾಡುವ ಚಿತ್ರ. ನಮ್ಮ ಮನೆಗೆ ಬಂದು ನೋಡುತ್ತಿದ್ದ ಕಾಕಾನಿಗೆ ಟ್ಯಾಂಕುಗಳಿಗಿಂತ ಮೈಕು ಹಿಡಿದವರ ಮೇಲೆ ಕಣ್ಣು. ವಿದೇಶದಲ್ಲಿ ಯಾರೋ ನೂರಾರು ವರ್ಷ ಹಳೆಯ ಯುದ್ಧವನ್ನು ಟೀವಿ ವಾರ್ತೆಯವರು ಅಲ್ಲೇ ಇದ್ದರೇನೋ ಎಂಬ ಹಾಗೆ ಚಿತ್ರ ಮಾಡಿದ್ದನ್ನು ಅವರು ಎಲ್ಲೋ ನೋಡಿದ್ದರು. ನಮ್ಮ ಊರ ಪಕ್ಕದಲ್ಲೇ ದೇವಗಿರಿ ಕೋಟೆ ಇರುವಾಗ ನಾವೇಕೆ ಮಾಡಬಾರದು ಎಂದು ಹಟ ಹಿಡಿದರು. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಇಪ್ಪತ್ತು ನಿಮಿಷದ ಚಿತ್ರ.

ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ದಿಲ್ಲಿಯ ಸೈನ್ಯ ಮುತ್ತಿದಾಗ ಅಲ್ಲಿನ ಯಾದವ ರಾಜರು ಅವಸರದಲ್ಲಿ ಕೋಟೆಯೊಳಗೆ ಗೋಣಿಗಳನ್ನು ಸಾಗಿಸಿಕೊಂಡರಂತೆ. ಧಾನ್ಯವೆಂದು ತಿಳಿದು ಬಿಚ್ಚಿ ನೋಡಿದರೆ ಎಲ್ಲ ಉಪ್ಪು. ಆ ಗೋಣಿ ಬಿಚ್ಚುವ ಗಳಿಗೆಯ ನೇರ ವರದಿಯೇ ಚಿತ್ರದ ಕೊನೆ. ವರದಿಗಾರ್ತಿ ನಾನು.

ಇದು ನನಗೆ ಶಿಕ್ಷೆಯ ಹಾಗಿತ್ತು. ನನಗೆ ಕನ್ನಡ ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ಬಾಯಿ ತೆರೆದರೆ ಮರಾಠಿ. ಸಂಘದ ಹೆಂಗಸರು ಅಮ್ಮನಿಗೆ, "ಮಗಳಿಗಿ ಮನ್ಯಾಗ ಕನ್ನಡ ಕಲಿಸ್ಲಿಲ್ಲೇನ್ರಿ?" ಎಂದು ಕೇಳಿದಾಗಲೆಲ್ಲ ಅಮ್ಮ ಮನೆಗೆ ಬಂದು ನನ್ನೊಡನೆ ಮಾತು ಬಿಡುತ್ತಿದ್ದಳು. ಬೇರೆಯವರನ್ನು ಹುಡುಕಿ ಎಂದು ಕಾಕಾನನ್ನು ಬೇಡಿಕೊಂಡೆ. ಅವರು ಒಂದು ಹಳೆಯ ಇಯರ್‌ಫೋನಿನ ತುಂಡು ನನ್ನ ಕಿವಿಗೆ ಸಿಗಿಸಿದರು.

"ಮಾತ್ ಬರಲಿಲ್ಲಂದ್ರ ಕಿವಿಗಿ ಬೆರಳ ಇಟ್ಕೊಂಡು ಸುಮ್ನ ನಿಂದ್ರು ಯವ್ವಾ. ದೂರದ ಲೈನ್ ಅದ, ಮಾತ್ ಮುಟ್ಟೋದು ತಡ ಆಗ್ತದ ಅಂತ ಮಂದಿ ತಿಳ್ಕೋತಾರ."

ಕೋಟೆಯೊಳಗೆ ಚಿತ್ರ ತೆಗೆಯಲು ಅನುಮತಿ ಬೇಕಿದ್ದರಿಂದ ಹೊರಗಿನ ಬಯಲಿನಲ್ಲಿ, ಕೋಟೆ ಹಿಂದೆ ಕಾಣುವಂತೆ ನಿಂತೆವು. ಅಪ್ಪನ ಬ್ಯಾಂಕಿನವರು ಸೈನಿಕರು, ಕೈಯಲ್ಲಿ ಕಡಾಯಿ ಮುಚ್ಚಳದ ಗುರಾಣಿ. ಮುತ್ತಿಗೆ ಹೇಗನ್ನಿಸುತ್ತಿದೆ ಎಂದು ನಾನು ಮೈಕು ಒಡ್ಡಿದ ಸೈನಿಕನೊಬ್ಬ ಕೈಗಡಿಯಾರ ನೋಡಿಕೊಂಡು, ಊಟ ಇನ್ನೂ ಬಂದಿಲ್ಲ ಎಂದ. ಅದು ನಟನೆಯಲ್ಲ. ಲಾಸಲಗಾಂವಿನ ಖಾಲಿ ಉಳ್ಳಾಗಡ್ಡಿ ಗೋಣಿಗಳಲ್ಲಿ ಹೊಟ್ಟು ತುಂಬಿ, ಮೇಲೆ ಮಾತ್ರ ಹರಳುಪ್ಪು ಸುರಿದಿದ್ದರು.

ಗೋಣಿ ಬಿಚ್ಚಿದರು. ಉಪ್ಪು ನೆಲಕ್ಕೆ ಸುರಿಯಿತು. ನಾನು ಕ್ಯಾಮೆರಾ ನೋಡಿ, ಚೀಲದೊಳಗೆ ಕಾಳಿಲ್ಲ, ಇರುವುದು... ಎಂದೆ. ಆ ಒಂದು ಶಬ್ದ ಬರಲೊಲ್ಲದು. ದಿನಕ್ಕೆ ನಾಲ್ಕು ಸಲ ಅಮ್ಮನ ಬಾಯಲ್ಲಿ ಕೇಳುವ ಶಬ್ದ. ಕಿವಿಗೆ ಬೆರಳಿಟ್ಟೆ. ಕಾದೆ. ಕೊನೆಗೆ ಬಾಯಿಂದ ಬಿದ್ದದ್ದು, "ಮೀಠ್!" ಮರಾಠಿಯಲ್ಲಿ ಉಪ್ಪು. ಹಿಂದಿ ಕಿವಿಗೆ ಮಾತ್ರ ಸಿಹಿ ಅಂದಂತೆ. ಅಷ್ಟಾದ ಮೇಲೆ, "ಅಂದ್ರ... ಉಪ್ಪು" ಎಂದು ಸಣ್ಣಗೆ ಸೇರಿಸಿದೆ. ಮತ್ತೊಮ್ಮೆ ತೆಗೆಯಿರಿ ಎನ್ನುವಷ್ಟರಲ್ಲಿ ಬಯಲಿನಲ್ಲಿ ಮೇಯುತ್ತಿದ್ದ ಆಡುಗಳು ನುಗ್ಗಿ ಉಪ್ಪು ನೆಕ್ಕತೊಡಗಿದವು. ದೇವಗಿರಿ ಯುದ್ಧ ಅಲ್ಲಿಗೆ ಮುಗಿಯಿತು.

ಹೀಗೆ ಬರೆಯುವಾಗ ಅನುಮಾನ. ಆ ದಿನದ ನನ್ನ ಡೈರಿಯಲ್ಲಿ ಮರಾಠಿಯಲ್ಲಿ ಒಂದೇ ಸಾಲಿದೆ: ಶೂಟಿಂಗ್ ಆಯ್ತು, ಬಿಸಿಲು. ಆಡುಗಳ ಮಾತೇ ಇಲ್ಲ. ನಾನು ನೆನೆಯುತ್ತಿರುವುದು ಆ ದಿನವನ್ನೋ, ಆಮೇಲೆ ಹತ್ತು ಸಲ ನೋಡಿದ ಚಿತ್ರವನ್ನೋ...

ಆ ತುಂಡು ತೆಗೆದುಹಾಕಿ ಎಂದು ತಿಂಗಳುಗಟ್ಟಲೆ ಕಾಕಾನ ಬೆನ್ನು ಬಿದ್ದೆ. ನೋಡೋಣ ಅನ್ನುತ್ತಿದ್ದರು. ರಾಜ್ಯೋತ್ಸವದ ದಿನ ಅಮ್ಮನ ಪಕ್ಕ ಕೂತು ನೋಡಿದೆ. ತೆಗೆದಿರಲಿಲ್ಲ. "ಮೀಠ್" ಎಂದಾಗ ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ನಾನು ತಲೆ ತಗ್ಗಿಸಿದೆ. ಹಿಂದಿನ ಸಾಲಿನಿಂದ ಒಬ್ಬರು, ಈ ಹುಡುಗಿಗೆ ಕನ್ನಡವೇ ಬರುವುದಿಲ್ಲ ಎಂದದ್ದು ಸ್ಪಷ್ಟವಾಗಿ ಕೇಳಿತು. ಅಮ್ಮನ ಕೈ ನನ್ನ ಕೈಮೇಲೆ ಬಿಗಿಯಾಯಿತು.

ಆಗ ಪ್ರೊಜೆಕ್ಟರಿನ ಪಕ್ಕದಿಂದ ಕಾಕಾ ಎದ್ದು ನಿಂತರು. "ಆ ಯಾದವ ರಾಜರು ಶಾಸನ ಕನ್ನಡದಾಗೂ ಹಾಕಿಸ್ಯಾರ, ಮರಾಠಿದಾಗೂ ಹಾಕಿಸ್ಯಾರ್ರಿ. ಗೋಣಿ ಬಿಚ್ಚಿದಾಂವ ಎರಡೂ ಅಂದಿರ್ತಾನ. ನಮ್ಮ ಹುಡುಗಿ ಇದ್ದದ್ದು ಇದ್ದಂಗ ವರದಿ ಮಾಡ್ಯಾಳ."

ಆಮೇಲೆ ಸಂಘದ ಹೆಂಗಸೊಬ್ಬರು, ನಮ್ಮ ಮನೆಯ ಮಕ್ಕಳೂ ಮೀಠ್ ಅಂತಲೇ ಕೇಳುತ್ತಾರೆ ಎಂದರು. ಮತ್ತೆ ನಗು ಎದ್ದಿತು. ಈ ಸಲ ಅಮ್ಮನೂ ನಕ್ಕಳು. ಅಂದಿನಿಂದ ನಾನು ತಪ್ಪೋ ಒಪ್ಪೋ ಕನ್ನಡ ಆಡತೊಡಗಿದೆ. ಶಬ್ದ ಸಿಗದಿದ್ದರೆ ಕಿವಿಗೆ ಬೆರಳಿಡುತ್ತಿದ್ದೆ. ಮನೆಯವರು ಕಾಯುತ್ತಿದ್ದರು.

ಕಾಕಾ ಆಮೇಲೆ ವರ್ಗವಾಗಿ ಕಲಬುರಗಿಗೆ ಹೋದರು. ಎರಡು ವರ್ಷದ ಹಿಂದೆ ತೀರಿಕೊಂಡರಂತೆ. ಸುದ್ದಿ ನನಗೆ ಮುಟ್ಟಿದ್ದು ತಿಂಗಳಾದ ಮೇಲೆ. ದೂರದ ಲೈನು...

ಉಳ್ಳಾಗಡ್ಡಿ ಹರವಿಟ್ಟು ಆ ಚಿತ್ರದ ಹಳೆಯ ಸಿಡಿ ಹುಡುಕಿ ಹಾಕಿದೆ. ನಾನು ಕಿವಿಗೆ ಬೆರಳಿಟ್ಟು ನಿಂತ ಕಡೆ ಚಿತ್ರ ಗಡಗಡ ಅಲ್ಲಾಡುತ್ತದೆ. ಯುದ್ಧದ ವರದಿಯ ಹಾಗೆ ಕಾಣಲೆಂದು ಬೇಕೆಂದೇ ಅಲ್ಲಾಡಿಸಿದ್ದಾರೆ ಎಂದು ಇಷ್ಟು ವರ್ಷ ನಂಬಿದ್ದೆ. ಈ ಸಲ ಧ್ವನಿ ಪೂರ್ತಿ ಏರಿಸಿ ಕೇಳಿದೆ. ನನ್ನ ಮೌನದ ಹಿಂದೆ, ಕ್ಯಾಮೆರಾದ ಈಚೆ, ಯಾರೋ ಮೂಗಿನಲ್ಲಿ ನಗು ತಡೆಯುತ್ತಿದ್ದಾರೆ. ಆ ಶಬ್ದ ಕಾಕಾನಿಗೆ ಗೊತ್ತಿತ್ತು. ಹೇಳಿಕೊಡಲಿಲ್ಲ. ಕಾದರು.

ಇಡೀ ಚಿತ್ರದಲ್ಲಿ ಕಾಕಾ ಎಲ್ಲಿಯೂ ಕಾಣುವುದಿಲ್ಲ. ಆ ಅಲ್ಲಾಟವೊಂದು ಇದೆ. ಅದನ್ನು ಮತ್ತೆ ಮೂರು ಸಲ ಹಾಕಿ ನೋಡಿದೆ.