ಕುಂಭಾರಿ ತಿರುವಿನಲ್ಲಿ ಮಲಕಮ್ಮ ಮುಚ್ಚಿದ ಗುಂಡಿ

ಸೋಲಾಪುರದಿಂದ ಅಕ್ಕಲಕೋಟೆಯವರೆಗೆ ನಾನು ಮುಚ್ಚಿದ ಯಾವ ಗುಂಡಿಯ ಮೇಲೂ ಏಳು ಎಮ್ಮೆಗಳು ಏಳು ವರ್ಷ ಕುಣಿದರೂ ಒಂದು ಖಡಿಕಲ್ಲೂ ಅಲ್ಲಾಡುವುದಿಲ್ಲ. ರಸ್ತೆ ಗ್ಯಾಂಗಿನ ಮುಕಾದಮನಾಗಿ ಇಪ್ಪತ್ತೆರಡು ವರ್ಷ ಇದನ್ನೇ ಹೇಳಿಕೊಂಡು ಬಂದೆ. ಎಮ್ಮೆಗಳೂ ಎದುರು ಮಾತಾಡಿರಲಿಲ್ಲ. ಮಾತಾಡಿದವಳು ಕುಂಭಾರಿಯ ಮಲಕಮ್ಮ.

ನಮ್ಮ ಗ್ಯಾಂಗಿನಲ್ಲಿ ಖಡಿ ಹೊರುವವಳು. ಕಾಲೂರಿ ನಿಂತಳೆಂದರೆ ರೋಡ್ ರೋಲರೇ ಪಕ್ಕಕ್ಕೆ ಸರಿದು ಹೋಗಬೇಕು. ಡಾಂಬರು ಕಲಸುವುದು ಗಂಡಸರು, ಬುಟ್ಟಿ ಹೊರುವುದು ಹೆಂಗಸರು ಎಂಬುದು ನಮ್ಮ ಪದ್ಧತಿ. ಮಧ್ಯಾಹ್ನದ ರೊಟ್ಟಿ ಬೆಚ್ಚಗಾಗಲೆಂದು ಗಂಟನ್ನು ಡಾಂಬರಿಗೆಂದು ಕಾಯಿಸಿದ ಖಡಿಯ ಮೇಲಿಡುವುದು ಇನ್ನೊಂದು ಪದ್ಧತಿ. ತೊಂಬತ್ತೇಳರ ಬೇಸಿಗೆಯಲ್ಲಿ ಒಂದು ದಿನ ಅವಳು ಬಟ್ಟೆಯ ಬದಲು ಪ್ಲಾಸ್ಟಿಕ್ ಚೀಲದಲ್ಲಿ ರೊಟ್ಟಿ ತಂದು, ರೂಢಿಯಂತೆ ಖಡಿಯ ಮೇಲೆ ಇಟ್ಟುಬಿಟ್ಟಳು. ಚೀಲ ಕರಗಿ ಖಡಿಗೆ ಮೆತ್ತಿಕೊಂಡಿತು. ರೊಟ್ಟಿ ನಾಯಿಗೂ ಬೇಡವಾಯಿತು.

ನಾವೆಲ್ಲ ನಕ್ಕೆವು. ಅವಳು ಮಾತ್ರ ಆ ಖಡಿಯನ್ನು ಉಗುರಿನಿಂದ ಕೆರೆದು ಕೆರೆದು ನೋಡಿದಳು.

“ಮಾಮಾ, ಇದು ಬಿಡವಲ್ದು. ಹಿಂಗ ಮೆತ್ತಿದ ಖಡಿಗಿ ಡಾಂಬರ ಹಾಕಿದ್ರ ನೀರ ಒಳಗ ಹೆಂಗ ಹೋಗ್ತೈತಿ?”

“ರೊಟ್ಟಿ ಹಾಳಾತಂತ ಸರಕಾರದ ರಸ್ತಾನೂ ಹಾಳ ಮಾಡ್ತೀಯೇನ?” ಎಂದೆ.

“ಒಂದ ಗುಂಡಿ ಕೊಡ್ರಿ. ಮಳಿಗಾಲದಾಗ ಕಿತ್ತು ಬಂದ್ರ ನಾ ಕೆಲಸಾ ಬಿಡ್ತೀನಿ. ನಿಂತ್ರ, ಮುಂದ ಕಲಸೂದು ನಂದು.”

ಗಂಡ ಭೀಮಣ್ಣ ಮಿಲ್ಲಿನ ಕೆಲಸ ಹೋಗಿ ಮನೆಯಲ್ಲಿ ಕೂತ ವರ್ಷ ಅದು. ಅವಳ ಕೂಲಿಯಿಂದಲೇ ಒಲೆ ಉರಿಯುತ್ತಿತ್ತು. ಗೊತ್ತಿದ್ದೂ ಒಪ್ಪಿದೆ. ಕುಂಭಾರಿ ತಿರುವಿನ ಅತಿ ಕೆಟ್ಟ ಗುಂಡಿಯನ್ನೇ ಕೊಟ್ಟೆ. ಅದರೊಳಗೆ ಬಗ್ಗಿ ಕೂಗಿದರೆ ಪ್ರತಿಧ್ವನಿಗೆ ಮರುದಿನದವರೆಗೆ ಕಾಯಬೇಕಿತ್ತು. ಪಕ್ಕದ್ದನ್ನು ನಾನೇ ಮುಚ್ಚಿದೆ, ನನ್ನ ರೀತಿಯಲ್ಲಿ.

ಅವಳು ಜಾಲಿಗಿಡಗಳಿಗೆ ಸಿಕ್ಕಿಕೊಂಡ ಚೀಲಗಳನ್ನು ಆಯ್ದು, ತೊಳೆದು, ಒಣಗಿಸಿ, ಕುಡಗೋಲಿನಿಂದ ಮೆಂತ್ಯದ ಸೊಪ್ಪಿನಂತೆ ಹೆಚ್ಚಿದಳು. ಕಾದ ಖಡಿಗೆ ಉದುರಿಸಿ ಸಲಿಕೆಯಿಂದ ತಿರುವಿದಳು. ಎಣ್ಣೆ ಹಚ್ಚಿದಂತೆ ಖಡಿ ಮಿನುಗಿದ ಮೇಲೆಯೇ ಡಾಂಬರು ಸುರಿದಳು.

ಹಸ್ತಾ ಮಳೆ ಹತ್ತು ದಿನ ಹೊಡೆಯಿತು. ನಿಂತ ಮರುದಿನ ರಸ್ತೆ ಇಲಾಖೆಯ ದೊಡ್ಡ ಸಾಹೇಬರ ಜೀಪು ಬಂತು. ಅವರು ಮಲಕಮ್ಮನ ತೇಪೆಯನ್ನು ಬೂಟಿನಿಂದ ಒದ್ದರು, ಹಾರೆಯಿಂದ ಕುಟ್ಟಿಸಿದರು. ಹಾರೆ ನರಳಿತು, ತೇಪೆ ನರಳಲಿಲ್ಲ.

“ಇದನ್ನ ಯಾರು ಮುಚ್ಚಿದ್ದು?”

ಮಲಕಮ್ಮ ನನ್ನ ಮುಖ ನೋಡಿದಳು. ನನ್ನ ಬಾಯಿ ಹಳೆಯ ಚಾಳಿ ಬಿಡಲಿಲ್ಲ.

“ನಮ್ಮ ಗ್ಯಾಂಗರೀ ಸಾಹೇಬ್ರ. ನನ್ನ ಇಪ್ಪತ್ತೆರಡ ವರ್ಷದ ಅನುಭವ ಐತ್ರಿ ಅದರಾಗ.”

ಅವಳು ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ ನನ್ನ ಕೈಗೆ ಕೊಟ್ಟಳು. ನನ್ನ ಕೈಯಲ್ಲಿದ್ದ ಸಲಿಕೆಯನ್ನು ತಾನು ತೆಗೆದುಕೊಂಡಳು.

“ಹೌದ್ರಿ ಸಾಹೇಬ್ರ, ಮಾಮಾನ ಅನುಭವ ಭಾಳ ದೊಡ್ಡದು. ಅಗಾ, ಆ ಬಾಜೂದ ಗುಂಡ್ಯಾಗ ನಮ್ಮೂರ ಬೀರಣ್ಣನ ಎಮ್ಮಿ ಮಕ್ಕೊಂಡೈತಿ ನೋಡ್ರಿ, ಅದರ ಬುಡಕ ಐತಿ.”