ಎಡತೋಳಿನ ದಾರ

ಹೊಲಿಗೆಯಮ್ಮನಿಗೆ ಮನುಷ್ಯರ ಮಾತಿಗಿಂತ ಅಳತೆ ಟೇಪಿನ ಮೇಲೆಯೇ ನಂಬಿಕೆ ಜಾಸ್ತಿ. ಗಿರಾಕಿ ಆಣೆಯಿಟ್ಟು ಸೊಂಟದ ಸುತ್ತಳತೆ ಹೇಳಿದರೂ ತಾನೇ ಟೇಪು ಸುತ್ತಿ ನೋಡದೆ ಕತ್ತರಿ ಮುಟ್ಟುವವಳಲ್ಲ. ಅಂಥವಳ ಅಂಗಡಿಗೆ ಒಂದು ದಿನ ಅವಳ ತಂಗಿಯ ಮಗಳು, ನೃತ್ಯ ಮಾಡುವ ಹುಡುಗಿ, ಪ್ರೊಫೆಸರೊಬ್ಬರನ್ನು ಕರೆತಂದಳು. ಅವರು ಕೂದಲೆಳೆಯಷ್ಟು ಸಣ್ಣ ಲೋಹದ ದಾರದ ಉಂಡೆಯೊಂದನ್ನು ಮೇಜಿನ ಮೇಲಿಟ್ಟರು.

"ಇದನ್ನ ಇವಳ ಅಂಗಿ ತೋಳಿಗೆ ಹೊಲೀಬೇಕಮ್ಮ. ಇವಳು ಕೈ ಆಡಿಸಿದ ಹಾಗೆ ಹಿಂದಿನ ಪರದೆ ಮೇಲೆ ಬಣ್ಣದ ಅಲೆ ಏಳುತ್ತೆ."

"ಕರೆಂಟು ಹೊಡೆಯಲ್ವಾ?"

"ಇಲ್ಲ, ಸಣ್ಣ ಬ್ಯಾಟರಿ."

"ಅಲೆ ಬರೆಯೋರು ಯಾರು?"

"ಇವಳ ಮೈಯೇ ಬರೆಯುತ್ತೆ ಅಂದ್ಕೊಳ್ಳಿ."

ಆ ಕೊನೆಯ ಮಾತು ಅವಳ ಗಂಟಲಲ್ಲಿ ಇಳಿಯಲಿಲ್ಲ. ಆದರೂ ಹುಡುಗಿಯ ಮುಖ ನೋಡಿ ಒಪ್ಪಿಕೊಂಡಳು. ಯಂತ್ರದಲ್ಲಿ ಆ ದಾರ ಓಡದೆ ಮೂರು ಸೂಜಿ ಮುರಿದವು. ಕೊನೆಗೆ ಕೈಯಲ್ಲೇ ಹೊಲಿದಳು. ಪ್ರೊಫೆಸರು ಎರಡು ದಿನಕ್ಕೊಮ್ಮೆ ಬಂದು, ಒಂದು ಹೊಲಿಗೆ ಸಡಿಲ ಕಂಡರೂ ಬಿಚ್ಚಿಸಿ ಮತ್ತೆ ಹಾಕಿಸಿದರು.

ಈ ಅಂಗಿ ತೋರಿಸಬೇಕಿದ್ದ ವಿಚಾರ ಸಂಕಿರಣದ ಬೆಳಿಗ್ಗೆ ವಿಶ್ವವಿದ್ಯಾಲಯದ ಸಭಾಂಗಣ ತುಂಬಿತ್ತು. ಬಣ್ಣ ಹಚ್ಚುವ ಕೋಣೆಯಲ್ಲಿ ಹುಡುಗಿ ಅಂಗಿ ತೊಡುವಾಗ ಎಡತೋಳು ಬಾಗಿಲ ಕೊಕ್ಕೆಗೆ ಸಿಕ್ಕಿ, ಭುಜದಿಂದ ಮಣಿಕಟ್ಟಿನವರೆಗೆ ದಾರ ಸರ್ರನೆ ಕಿತ್ತು ಬಂತು. ಹೊಲಿಗೆಯಮ್ಮ ದಾರವನ್ನು ಕೈಯಲ್ಲಿ ಹಿಡಿದೇ ಪ್ರೊಫೆಸರ ಬಳಿ ಓಡಿದಳು.

"ಅರ್ಧ ಗಂಟೆ ಕೊಡಿ ಸಾರ್, ಹೊಲಿದುಬಿಡ್ತೀನಿ."

ಅವರು ಗಡಿಯಾರ ನೋಡಿಕೊಂಡು, "ಪರವಾಗಿಲ್ಲಮ್ಮ, ಹಾಗೇ ಬರಲಿ ಬಿಡಿ" ಎಂದು ನಕ್ಕರು.

ಪರವಾಗಿಲ್ಲವೇ? ಒಂದು ಹೊಲಿಗೆಗೆ ಅಷ್ಟು ಕಾಡಿದ ಮನುಷ್ಯ ಇಡೀ ತೋಳನ್ನೇ ಬಿಟ್ಟುಕೊಡುವುದೆಂದರೇನು? ಅವಳು ಹೋಗಿ ಮೂರನೇ ಸಾಲಿನಲ್ಲಿ ಕೂತಳು. ಕಣ್ಣು ಹುಡುಗಿಯ ಎಡಗೈ ಮೇಲೇ.

ಹುಡುಗಿ ಬಲಗೈ ಎತ್ತಿದಾಗ ಪರದೆಯಲ್ಲಿ ಕೆಂಪು ಅಲೆ ಎದ್ದಿತು. ಎಡಗೈ ಎತ್ತಿದಳು. ನೀಲಿ ಅಲೆ, ನಯವಾಗಿ, ಒಂದಿಷ್ಟೂ ತಡವರಿಸದೆ ಎದ್ದಿತು. ಸಭೆ ಚಪ್ಪಾಳೆ ತಟ್ಟಿತು. ಹೊಲಿಗೆಯಮ್ಮನ ಮೈ ಉರಿದುಹೋಯಿತು.

ಪ್ರಶ್ನೆಗಳ ಹೊತ್ತಿಗೆ ದೊಡ್ಡ ದೊಡ್ಡ ಪದಗಳು ಹಾರಾಡಿದವು. ಅವಳು ಎದ್ದು ನಿಂತಳು. ವೇದಿಕೆಯ ಮೇಲಿಂದ ಹುಡುಗಿ 'ಬೇಡ ದೊಡ್ಡಮ್ಮ' ಎಂಬಂತೆ ಕಣ್ಣಲ್ಲೇ ಬೇಡಿಕೊಂಡಳು.

"ನಾನು ಈ ಅಂಗಿ ಹೊಲಿದವಳು. ಎಡತೋಳಿನ ದಾರ ಇಗೋ, ನನ್ನ ಕೈಲಿದೆ. ಹಾಗಾದ್ರೆ ಆ ನೀಲಿ ಅಲೆ ಎಲ್ಲಿಂದ ಬಂತು?"

ಪ್ರೊಫೆಸರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು.

"ನಿನ್ನೆ ಅಭ್ಯಾಸದಲ್ಲಿ ಬಂದ ಅಲೆಗಳು ಅವು. ರೆಕಾರ್ಡ್ ಮಾಡಿಟ್ಟು ಅದನ್ನೇ ಹಾಕಿದ್ವಿ. ಇಷ್ಟು ಜನರ ಮುಂದೆ ಎಲ್ಲಿ ಕೈಕೊಡುತ್ತೋ ಅಂತ ಹೆದರಿದೆ." ಅವರ ದನಿ ಕುಗ್ಗಿತ್ತು. "ಈ ಹುಡುಗಿಗೆ ಗೊತ್ತಿರಲಿಲ್ಲ."

ಸಂಕಿರಣದ ಅಧ್ಯಕ್ಷೆ ಊಟವಾದ ಮೇಲೆ ಇನ್ನೊಮ್ಮೆ ಮಾಡಿ ತೋರಿಸಲು ಹೇಳಿದರು. ಎಲ್ಲರೂ ಊಟಕ್ಕೆ ಹೋದರು. ಹೊಲಿಗೆಯಮ್ಮ ಮೊಣಕಾಲ ಮೇಲೆ ಅಂಗಿ ಹರಡಿಕೊಂಡು ಸೂಜಿ ಹಿಡಿದಳು. ಹುಡುಗಿ ಮುಖ ಊದಿಸಿಕೊಂಡು ಕೂತಿದ್ದಳು.

"ಮಾನ ಕಳೆದೆ ದೊಡ್ಡಮ್ಮ."

"ಅವರು ಚಪ್ಪಾಳೆ ತಟ್ಟಿದ್ದು ನಿನಗಲ್ಲ ಕಣೇ, ನಿನ್ನೆಯ ನಿನಗೆ. ಈಗ ಕೇಳು. ನಡುವೆ ಒಂದು ಕಡೆ ತಟ್ಟಂತ ನಿಂತುಬಿಡು. ಎಲ್ಲಿ ಅಂತ ಯಾರಿಗೂ ಹೇಳ್ಬೇಡ, ನನಗೂ. ಆಗ ಅಲೆಯೂ ನಿಂತ್ರೆ ಅದು ನಿನ್ನದೇ."

ಎರಡನೆಯ ಸಲ ಅಲೆಗಳು ತೊದಲಿದವು, ಒಮ್ಮೆ ತಡವಾಗಿ ಬಂದವು, ಒಮ್ಮೆ ಬರಲೇ ಇಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ಅಷ್ಟರಲ್ಲಿ ಹುಡುಗಿ ತಿರುಗುತ್ತ ತಿರುಗುತ್ತ ಕೈ ಚಾಚಿ ಅಲ್ಲಾಡದೆ ನಿಂತಳು. ಪರದೆಯೂ ನಿಂತಿತು. ಅವಳ ಉಸಿರಿಗೆ ತೋಳು ನಡುಗಿದಷ್ಟೇ ನೀಲಿ ಗೆರೆ ನಡುಗುತ್ತಿತ್ತು.

ಹೊಲಿಗೆಯಮ್ಮ ಅದನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು.