ಲಿಂಗಣ್ಣನ ತಿಳಿ ಎಣ್ಣೆ

ನಿಟ್ಟುವಳ್ಳಿಯಲ್ಲಿ ನನ್ನ ಆಯಿಲ್ ಅಂಗಡಿ. ಪಕ್ಕದ ಗೋಡೆ ಲಿಂಗಣ್ಣನ ಗಾಣದ್ದು. ಹೊಂಗೆ ಬೀಜ ಹಿಂಡುವ ಆ ಗಾಣ ಸದ್ದು ಮಾಡುತ್ತಿತ್ತೇ ಹೊರತು ಸಂಪಾದನೆ ಮಾಡುತ್ತಿರಲಿಲ್ಲ. ಯಂತ್ರಕ್ಕೆ ಹಾಕುವ ಎಣ್ಣೆಗೆ ಅಕ್ಕಿ ಮಿಲ್ಲಿನವರೆಲ್ಲ ನನ್ನ ಡ್ರಮ್ಮಿನ ಗಿರಾಕಿಗಳು. ಲಿಂಗಣ್ಣನಿಗೆ ಉಳಿದದ್ದು ದೇವರ ದೀಪದ ಎಣ್ಣೆ.

ಹೋದ ವರ್ಷ ಕಾಲೇಜಿನ ಲ್ಯಾಬಿನ ವಾಣಿ ಮೇಡಂ ಅವನಿಗೊಂದು ಬಿಳಿ ಪುಡಿ ತಂದುಕೊಟ್ಟರು. ಭತ್ತದ ಹೊಟ್ಟಿನ ಬೂದಿಯಿಂದ ತೆಗೆದ ನ್ಯಾನೋ ಸಿಲಿಕಾ. ಕಣ್ಣಿಗೆ ಕಾಣದಷ್ಟು ಸಣ್ಣ ಕಣ. ಹೊಂಗೆ ಎಣ್ಣೆಗೆ ಬೆರೆಸಿದರೆ ಉಕ್ಕಿನ ನಡುವೆ ಗೋಲಿಯಂತೆ ಉರುಳಿ ಸವಕಳಿ ತಡೆಯುತ್ತದಂತೆ, ಗದ್ದೆಗೆ ಸೋರಿದರೂ ಮಣ್ಣು ಕೆಡುವುದಿಲ್ಲವಂತೆ. ನಂದಿಗುಡಿಯ ಮಿಲ್ ಮಾಲೀಕ ವಾಮದೇವಪ್ಪ ಪರೀಕ್ಷೆಗೆಂದು ಒಂದು ಯಂತ್ರ ಬಿಟ್ಟುಕೊಟ್ಟ. ಸುಗ್ಗಿ ಮುಗಿಯುವ ತನಕ ಅದರ ಬೇರಿಂಗ್ ಕೆಡದೆ ಉಳಿದರೆ ಮಿಲ್ಲಿಗೆಲ್ಲ ಲಿಂಗಣ್ಣನದೇ ಎಣ್ಣೆ. ಇಲ್ಲದಿದ್ದರೆ ಗಾಣ ಮುಚ್ಚುವುದೇ ಎಂದು ಅವನ ಹೆಂಡತಿ ಕೆಂಚವ್ವ ಹೇಳಿಯಾಗಿತ್ತು.

"ನಿನ್ನ ಗೋಲಿ ಆಟ ಗೆದ್ರೆ ನಾನು ದೀಪದೆಣ್ಣೆ ಮಾರ್ತೀನಿ ಬಿಡಪ್ಪ" ಎಂದು ಛೇಡಿಸಿದೆ. ಅವನು ನಗಲಿಲ್ಲ.

ಚೆನ್ನಾಗಿ ಕಲಕಿ ಹಾಕಬೇಕು ಎಂದಿದ್ದರು ಮೇಡಂ. ಅದು ಪುಡಿ ಬೆರೆಸುವಾಗಿನ ಮಾತು ಅಂದುಕೊಂಡ ಲಿಂಗಣ್ಣ. ಅವನ ಮನೆತನದಲ್ಲಿ ಮಸುಕು ಎಣ್ಣೆ ಅಂಗಳ ದಾಟಿದ್ದೇ ಇಲ್ಲ. ಕೊಳಗದಲ್ಲಿ ನಿಲ್ಲಿಸಿ, ಗಷ್ಟು ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸುವುದು ಅವರ ಕ್ರಮ. ಈ ಸಲ ಮಾನದ ಪ್ರಶ್ನೆ, ವಾರಗಟ್ಟಲೆ ನಿಲ್ಲಿಸಿದ. ಗಾಜಿನಂಥ ಎಣ್ಣೆಯನ್ನು ಕ್ಯಾನಿಗೆ ತುಂಬಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನಂದಿಗುಡಿಗೆ ಒಯ್ದ.

ಸುಗ್ಗಿಯ ನಡುವೆ ಬೇರಿಂಗ್ ಕಚ್ಚಿಕೊಂಡು ಯಂತ್ರ ನಿಂತಿತು. ಮಿಲ್ಲಿಗೆ ಬಂದ ಭತ್ತ ಹರಿಹರದ ಮಿಲ್ಲುಗಳ ದಾರಿ ಹಿಡಿಯಿತು. ವಾಮದೇವಪ್ಪ ಬೈಯಲಿಲ್ಲ, ನನಗೆ ಫೋನು ಮಾಡಿ ಡ್ರಮ್ಮು ತರಿಸಿಕೊಂಡ.

ವಾಣಿ ಮೇಡಂ ಬಂದು ಕೊಳಗದೊಳಗೆ ಕೈ ಹಾಕಿದರು. ಬಿಳಿ ಗಷ್ಟು ಬೆರಳಿಗೆ ಹತ್ತಿತು.

"ಔಷಧ ಎಲ್ಲ ಇಲ್ಲೇ ಐತಲ್ರಿ ಲಿಂಗಣ್ಣ. ನೀವು ಕೊಟ್ಟಿದ್ದು ಬರೀ ದೀಪದೆಣ್ಣೆ."

"ಗಷ್ಟು ಸೇರಿಸಿ ಹೆಂಗ್ ಕೊಡ್ಲಿ ಮೇಡಂ? ನಮ್ಮಪ್ಪ ಇದ್ದಿದ್ರೆ ಕೈ ಮುರೀತಿದ್ದ."

ಇನ್ನೊಂದು ಸುಗ್ಗಿ ಕೊಡಿ ಎಂದು ಮೇಡಂ ನಂದಿಗುಡಿಗೇ ಹೋಗಿ ಕೇಳಿದರು. ವಾಮದೇವಪ್ಪ ಕಾಫಿ ಕೊಟ್ಟು ಕಳಿಸಿದ.

ಗಾಣದ ಕಬ್ಬಿಣವನ್ನು ಗುಜರಿಯ ಶಬ್ಬೀರ್ ಒಯ್ದ. ಉಳಿದ ಗಷ್ಟನ್ನು ಲಿಂಗಣ್ಣ ಗಾಣದ ಮನೆಯ ಬಾಗಿಲ ತಿರುಗಣಿಗೆ ಬಳಿದ. ದಿನಾ ಕಿರುಗುಟ್ಟಿ ನನ್ನ ಮಧ್ಯಾಹ್ನದ ನಿದ್ದೆ ಕೆಡಿಸುತ್ತಿದ್ದ ಬಾಗಿಲು ಅದು. ಅವನು ಅದನ್ನು ಕೊನೆಯ ಸಲ ಮುಚ್ಚಿದ್ದು ಗೋಡೆಯ ಈಚೆ ಕೂತಿದ್ದ ನನಗೂ ಕೇಳಲಿಲ್ಲ. ಎದ್ದು ಹೊರಗೆ ಬಂದಾಗ ಬೀಗ ಕಂಡಿತು.